ತಾಯಿ-ಮಕ್ಕಳ ಪೌಷ್ಟಿಕತೆ ಅಳೆಯಲು ಯಾವ ವಿಧಾನ? ಮಲಾವಿಯ ದೋವಾದಂಥ ಜಿಲ್ಲೆಗೆ ಒಂದು ಹೋಲಿಕೆ

ಜಿಲ್ಲೆಯ ಪೌಷ್ಟಿಕತೆ ಸಮೀಕ್ಷೆ ಎಂದ ಕೂಡಲೇ ಹೆಚ್ಚಿನ ತಂಡಗಳು ತಕ್ಕಡಿ, ಎತ್ತರದ ಹಲಗೆಗಳ ಖರೀದಿ ಪಟ್ಟಿ ಹಿಡಿದು ಕೂರುತ್ತವೆ. ಅದಕ್ಕೂ ಮೊದಲು ಬರೆದಿಡಬೇಕಾದ ಸಾಲು ಒಂದಿದೆ: ಈ ಅಂಕಿ ಕೈಗೆ ಬಂದ ಮೇಲೆ ಯಾರು ಏನನ್ನು ಬದಲಿಸುತ್ತಾರೆ? ಚಿಕಿತ್ಸಾ ಆಹಾರದ ಪೆಟ್ಟಿಗೆ ಎಷ್ಟು ತರಿಸಬೇಕು ಎಂಬುದಕ್ಕೆ ಒಂದು ವಿಧಾನ, ಯಾವ ಆರೋಗ್ಯ ಕೇಂದ್ರದ ಸುತ್ತ ಕೆಲಸ ಹಿಂದೆ ಬಿದ್ದಿದೆ ಎಂಬುದಕ್ಕೆ ಇನ್ನೊಂದು, ಐದು ವರ್ಷದ ಯೋಜನೆಯಿಂದ ಮಕ್ಕಳ ಎತ್ತರ ಸುಧಾರಿಸಿತೇ ಎಂಬುದಕ್ಕೆ ಮತ್ತೊಂದು. ಮೂರನ್ನೂ ಒಂದೇ ಸಮೀಕ್ಷೆಯಿಂದ ಪಡೆಯಲು ಹೊರಟವರಿಗೆ ಮೂರೂ ಅರ್ಧರ್ಧ ಸಿಗುತ್ತವೆ.

ಮಾತು ಗಾಳಿಯಲ್ಲಿ ಹೋಗದಿರಲಿ ಎಂದು ಒಂದು ಜಿಲ್ಲೆಯನ್ನು ಮುಂದಿಟ್ಟುಕೊಳ್ಳೋಣ. ಮಲಾವಿಯ ರಾಜಧಾನಿ ಲಿಲೊಂಗ್ವೆಯ ಉತ್ತರಕ್ಕಿರುವ ದೋವಾ ಮೆಕ್ಕೆಜೋಳ, ಶೇಂಗಾ, ತಂಬಾಕು ಬೆಳೆಯುವ ರೈತರ ಜಿಲ್ಲೆ. ತೀವ್ರ ಅಪೌಷ್ಟಿಕ ಮಕ್ಕಳನ್ನು ಆಸ್ಪತ್ರೆಯಲ್ಲಿ ಮಲಗಿಸಿಕೊಳ್ಳದೆ ಮನೆಯಲ್ಲೇ ಶೇಂಗಾ ಪೇಸ್ಟಿನ ಚಿಕಿತ್ಸಾ ಆಹಾರ ಕೊಟ್ಟು ಗುಣಪಡಿಸುವ ಪದ್ಧತಿ ಮೊದಮೊದಲು ಜಾರಿಗೆ ಬಂದ ಕಡೆಗಳಲ್ಲಿ ಇದೂ ಒಂದು, 2002ರಲ್ಲಿ ಆರಂಭವಾಯಿತು. ಕೊನೆಗೆ ಕೀನ್ಯಾದ ತುರ್ಕಾನಾದಂಥ ಪಶುಪಾಲಕರ ನಾಡಿನ ಕಡೆಗೂ ನೋಡುತ್ತೇವೆ. ಅಲ್ಲಿ ಇದೇ ಪ್ರಶ್ನೆಗೆ ಉತ್ತರ ಹೆಚ್ಚುಕಡಿಮೆ ತಲೆಕೆಳಗಾಗುತ್ತದೆ.

ಮೊದಲು ಇರುವುದನ್ನು ಓದಿ

ಮಲಾವಿಯ 2015-16ರ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆ (ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮನೆತನದ್ದೇ) ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ (ವಯಸ್ಸಿಗೆ ತಕ್ಕ ಎತ್ತರ ಇಲ್ಲದಿರುವುದು) ಶೇ 37, ಕೃಶತೆ (ಎತ್ತರಕ್ಕೆ ತಕ್ಕ ತೂಕ ಇಲ್ಲದಿರುವುದು) ಶೇ 3, ರಕ್ತಹೀನತೆ ಶೇ 63. ಹೆರಿಗೆ ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಶೇ 33. ತೆಳ್ಳಗಿರುವವರು ಶೇ 7, ತೂಕ ಹೆಚ್ಚಿರುವವರು ಶೇ 21.

ಕರ್ನಾಟಕದಲ್ಲಿ ಕೆಲಸ ಮಾಡಿ ಅಲ್ಲಿಗೆ ಹೋಗುವವರು ಎಡವುವುದು ಇಲ್ಲಿಯೇ. ಐದನೇ ಸುತ್ತಿನ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಕುಂಠಿತ ಬೆಳವಣಿಗೆ ಶೇ 35.4, ಮಲಾವಿಗೆ ಹತ್ತಿರ. ಕೃಶತೆ ಮಾತ್ರ ಶೇ 19.5, ಅಂದರೆ ಮಲಾವಿಯ ಆರು ಪಟ್ಟು. ನಮ್ಮಲ್ಲಿ ತೂಕ-ಎತ್ತರದ ಲೆಕ್ಕ ತೆಗೆದರೆ ಪ್ರತಿ ಊರಲ್ಲೂ ಸ್ಯಾಮ್ (ತೀವ್ರ ಅಪೌಷ್ಟಿಕ), ಮ್ಯಾಮ್ (ಸಾಧಾರಣ ಅಪೌಷ್ಟಿಕ) ಮಕ್ಕಳು ಸಿಗುತ್ತಾರೆ. ದೋವಾದಲ್ಲಿ ಅದೇ ನಿರೀಕ್ಷೆ ಇಟ್ಟುಕೊಂಡು ನಾನೂರೈವತ್ತು ಮಕ್ಕಳನ್ನು ಅಳೆದರೆ ಹತ್ತು-ಹದಿನೈದು ಕೃಶ ಮಕ್ಕಳು ಸಿಕ್ಕಾರು. ಅಷ್ಟರಿಂದ ಜಿಲ್ಲೆಯ ಯಾವ ಮೂಲೆಯಲ್ಲಿ ತೊಂದರೆ ಹೆಚ್ಚು ಎಂದು ಹೇಳುವುದು ಅಸಾಧ್ಯ.

2015-16ರ ಸಮೀಕ್ಷೆ ಜಿಲ್ಲಾವಾರು ಅಂಕಿಯನ್ನೂ ಕೊಡುತ್ತದೆ. ಆದರೆ ತೂಕ, ಎತ್ತರ, ರಕ್ತ ಪರೀಕ್ಷೆ ನಡೆದದ್ದು ಆಯ್ದ ಮನೆಗಳ ಮೂರನೇ ಒಂದು ಭಾಗದಲ್ಲಿ ಮಾತ್ರ. ಹಾಗಾಗಿ ಜಿಲ್ಲಾ ಅಂಕಿಯ ಆಚೀಚೆ ಬಹಳ ಎಡೆ ಇರುತ್ತದೆ. ಎರಡು ಜಿಲ್ಲೆಗಳ ನಡುವಿನ ನಾಲ್ಕೈದು ಶೇಕಡಾ ಅಂಶದ ವ್ಯತ್ಯಾಸ ಹಿಡಿದು ವಾದ ಮಾಡಬೇಡಿ.

ಎರಡನೆಯ ಮೂಲ ಆರೋಗ್ಯ ಕೇಂದ್ರಗಳ ರಿಜಿಸ್ಟರು. ಅದೇ ಸಮೀಕ್ಷೆಯಂತೆ ಮಲಾವಿಯ ಹೆರಿಗೆಗಳಲ್ಲಿ ಶೇ 91 ಆರೋಗ್ಯ ಸಂಸ್ಥೆಗಳಲ್ಲೇ ಆಗುತ್ತವೆ. ಹೆರಿಗೆಗಳು ಮನೆಯಲ್ಲೇ ಆಗುವ ನಾಡಿನಲ್ಲಿ ಹುಟ್ಟುತೂಕದ ಪುಸ್ತಕಕ್ಕೆ ಬೆಲೆಯಿಲ್ಲ. ಇಲ್ಲಿ ಅದು ತಾಯಂದಿರ ಸ್ಥಿತಿ ತಿಳಿಯಲು ಪುಕ್ಕಟೆ ಸಿಗುವ ದಾಖಲೆ. ನೋಡಬೇಕಾದ್ದು ಒಂದು: 2,500 ಗ್ರಾಂ ಎಂಬ ಸರಿಸಂಖ್ಯೆಯ ಮೇಲೆ ಎಷ್ಟು ಕೂಸುಗಳು ಗುಡ್ಡೆ ಬಿದ್ದಿವೆ? ಕಡಿಮೆ ತೂಕ ಎಂದರೆ 2,500ಕ್ಕಿಂತ ಕೆಳಗೆ. ಆದ್ದರಿಂದ 2,460 ಇದ್ದದ್ದನ್ನು 2,500 ಎಂದು ಬರೆದುಕೊಂಡ ದಾದಿ ಅರಿವಿಲ್ಲದೆಯೇ ಜಿಲ್ಲೆಯ ಅಂಕಿಯನ್ನು ಇಳಿಸುತ್ತಾಳೆ. ಗುಡ್ಡೆ ದೊಡ್ಡದಿದ್ದ ಕೇಂದ್ರಗಳನ್ನು ಲೆಕ್ಕದಿಂದ ಬಿಡಿ, ಇಲ್ಲವೇ ಅಲ್ಲಿಗೊಂದು ಡಿಜಿಟಲ್ ತಕ್ಕಡಿ ಕೊಡಿಸಿ ಮೂರು ತಿಂಗಳು ಕಾಯಿರಿ.

ತೋಳಿನ ಪಟ್ಟಿಯೋ, ತೂಕ-ಎತ್ತರವೋ?

ಆರು ತಿಂಗಳಿನಿಂದ ಐದು ವರ್ಷದ ಮಕ್ಕಳಲ್ಲಿ ತೋಳಿನ ಸುತ್ತಳತೆ 115 ಮಿ.ಮೀ.ಗಿಂತ ಕಡಿಮೆಯಾದರೆ ತೀವ್ರ ಅಪೌಷ್ಟಿಕತೆ, 115ರಿಂದ 125ರೊಳಗೆ ಸಾಧಾರಣ. ಎತ್ತರಕ್ಕೆ ತಕ್ಕ ತೂಕದ ಝಡ್ ಸ್ಕೋರ್‌ನಲ್ಲಿ (ಅದೇ ಎತ್ತರದ ಆರೋಗ್ಯವಂತ ಮಕ್ಕಳ ಮಧ್ಯಮ ತೂಕಕ್ಕಿಂತ ಎಷ್ಟು ಮೇಲೆ-ಕೆಳಗೆ ಎಂಬ ಅಂಕ) −3ಕ್ಕಿಂತ ಕೆಳಗೆ ತೀವ್ರ, −3ರಿಂದ −2ರೊಳಗೆ ಸಾಧಾರಣ. ಇವೆರಡೂ ಒಂದೇ ಮಕ್ಕಳನ್ನು ಹಿಡಿಯುವುದಿಲ್ಲ. ತೋಳಿನ ಪಟ್ಟಿ ಎಳೆಯ ಮಕ್ಕಳನ್ನು, ಗಿಡ್ಡ ಮಕ್ಕಳನ್ನು ಹೆಚ್ಚು ಆರಿಸುತ್ತದೆ. ಸಾವಿನ ಅಪಾಯ ಇರುವವರನ್ನು ಗುರುತಿಸುವುದರಲ್ಲಿ ಗಟ್ಟಿ. ತೂಕ-ಎತ್ತರದ ಲೆಕ್ಕ ಉದ್ದ ಕಾಲಿನ, ತೆಳು ಮೈಯ ಮಕ್ಕಳನ್ನು ಹೆಚ್ಚು ಆರಿಸುತ್ತದೆ. ಚಿಕಿತ್ಸೆಗೆ ಸೇರಿಸಲು ಎರಡರಲ್ಲಿ ಒಂದು ಸಿಕ್ಕರೂ ಸಾಕು. ಆದರೆ ಜಿಲ್ಲೆಯ ಪ್ರಮಾಣ ಹೇಳುವಾಗ ಯಾವ ಅಳತೆಯಿಂದ ಎಂದು ಬರೆಯದ ವರದಿ ಉಪಯೋಗಕ್ಕಿಲ್ಲ.

ದೋವಾದಲ್ಲಿ ಇವೆರಡಕ್ಕಿಂತ ಮುಖ್ಯವಾದ ಮೂರನೆಯದಿದೆ: ಪಾದದ ಊತ. ಮಲಾವಿಯಲ್ಲಿ ತೀವ್ರ ಅಪೌಷ್ಟಿಕತೆಯ ದೊಡ್ಡ ಪಾಲು ಊತದ ರೂಪದಲ್ಲೇ, ಅಂದರೆ ಕ್ವಾಶಿಯೋರ್ಕರ್ ಆಗಿ ಬರುತ್ತದೆ. ನೀರು ತುಂಬಿದ ಮಗುವಿನ ತೂಕ ಸರಿಯಾಗಿಯೇ ಕಾಣುತ್ತದೆ, ತೋಳೂ ಪಟ್ಟಿಯ ಹಸಿರು (ಸುರಕ್ಷಿತ) ಬಣ್ಣದಲ್ಲಿ ನಿಲ್ಲಬಹುದು. ಎರಡೂ ಪಾದಗಳ ಮೇಲೆ ಹೆಬ್ಬೆರಳಿಟ್ಟು ಮೂರು ಸೆಕೆಂಡು ಒತ್ತಿ ಬಿಡಬೇಕು. ಗುಳಿ ಎರಡೂ ಕಡೆ ಉಳಿದರೆ ಮಾತ್ರ ಲೆಕ್ಕ. ಒಂದೇ ಕಾಲಿನ ಊತ ಗಾಯದ್ದೋ ಕೀವಿನದ್ದೋ ಇರುತ್ತದೆ. ಒಬ್ಬರು ಊತ ಎಂದರೆ ತಂಡದ ನಾಯಕ ಮತ್ತೆ ಒತ್ತಿ ನೋಡಿ ಒಪ್ಪಬೇಕು, ಆಗುವುದಾದರೆ ಫೋಟೋ ತೆಗೆಯಬೇಕು. ಗುಂಡುಗುಂಡಾಗಿರುವ ಆರೋಗ್ಯವಂತ ಕೂಸನ್ನು ಊತವೆಂದು ಬರೆದುಬಿಡುವುದು ಹೊಸಬರ ಸಾಮಾನ್ಯ ತಪ್ಪು.

ಊತದ ಕಾಯಿಲೆ ಬೇಗ ಬರುತ್ತದೆ. ಚಿಕಿತ್ಸೆ ಸಿಕ್ಕರೆ ಬೇಗ ಇಳಿಯುತ್ತದೆ, ಸಿಗದಿದ್ದರೆ ಮಗು ಉಳಿಯುವುದೇ ಕಷ್ಟ. ಒಂದು ವಾರದ ಸಮೀಕ್ಷೆಯಲ್ಲಿ ಅಂಥವರು ಒಬ್ಬಿಬ್ಬರು ಸಿಗಬಹುದು, ಸಿಗದೆಯೂ ಇರಬಹುದು. ಆದ್ದರಿಂದ ಚಿಕಿತ್ಸಾ ಕೇಂದ್ರಗಳ ತಿಂಗಳ ದಾಖಲಾತಿ ಸಂಖ್ಯೆ, ಅದರಲ್ಲಿ ಊತದವರೆಷ್ಟು ಎಂಬುದು, ದುಬಾರಿ ಸಮೀಕ್ಷೆಗಿಂತ ಹೆಚ್ಚು ಹೇಳುತ್ತದೆ.

ವಯಸ್ಸಿಗೆ ತಕ್ಕ ಎತ್ತರ ಬೇರೆಯೇ ಜಾತಿಯ ಅಳತೆ. ಅದು ವರ್ಷಗಳ ಕಥೆ ಹೇಳುತ್ತದೆ, ಈ ತಿಂಗಳದ್ದಲ್ಲ. ಬರಗಾಲದ ತುರ್ತಿಗೆ ಅದನ್ನು ಅಳೆಯುವುದರಲ್ಲಿ ಅರ್ಥವಿಲ್ಲ. ಐದು ವರ್ಷದ ಯೋಜನೆಯ ಮೊದಲು-ಕೊನೆಗೆ ಬೇಕಾದ್ದು ಅದೇ.

ನಾಲ್ಕು ದಾರಿಗಳು

*ಸ್ಮಾರ್ಟ್ ಸಮೀಕ್ಷೆ.* ಹಳ್ಳಿಗಳನ್ನು ಜನಸಂಖ್ಯೆಗೆ ತಕ್ಕ ಪ್ರಮಾಣದಲ್ಲಿ ಚೀಟಿ ಎತ್ತಿ, ಪ್ರತಿ ಹಳ್ಳಿಯಲ್ಲಿ ಕೆಲವು ಮನೆಗಳನ್ನು ಆರಿಸಿ, ಅಲ್ಲಿನ 6–59 ತಿಂಗಳ ಎಲ್ಲ ಮಕ್ಕಳನ್ನೂ ಅಳೆಯುವ ವಿಧಾನ. ಕೃಶತೆ ಶೇ 10 ಎಂದು ಊಹಿಸಿ, ಆಚೀಚೆ 3.5 ಅಂಶದ ನಿಖರತೆ ಬೇಕೆಂದು, ಗುಂಪುಗುಂಪಾಗಿ ಆರಿಸುವುದರ ನಷ್ಟಕ್ಕೆ 1.5 ಪಟ್ಟು ಸೇರಿಸಿದರೆ 461 ಮಕ್ಕಳು ಬೇಕು. ಮನೆಗೆ ಸರಾಸರಿ 5 ಜನ, ಅವರಲ್ಲಿ ಶೇ 17 ಐದು ವರ್ಷದೊಳಗಿನವರು, ಅವರಲ್ಲಿ ಹತ್ತಕ್ಕೆ ಒಂಬತ್ತು ಆರು ತಿಂಗಳು ದಾಟಿದವರು, ಶೇ 3 ಮನೆಗಳಲ್ಲಿ ಯಾರೂ ಸಿಗುವುದಿಲ್ಲ ಎಂದುಕೊಂಡರೆ ಸುಮಾರು 621 ಮನೆ. ಒಂದು ತಂಡ ದಿನಕ್ಕೆ 15 ಮನೆ ಮುಗಿಸಿದರೆ 42 ಹಳ್ಳಿ. ಆರು ತಂಡ, ಏಳು ದಿನ. ಹಳ್ಳಿಗಳ ಸಂಖ್ಯೆ 25ಕ್ಕಿಂತ ಕೆಳಗಿಳಿಯಬಾರದು.

ಈ ಲೆಕ್ಕ ಕಾಗದದ ಮೇಲೆ ಚೆಂದ. ದೋವಾದಂಥ ಕಡೆ ಕೃಶತೆ ಶೇ 3 ಎಂದಿಟ್ಟು, ಆಚೀಚೆ 1.5 ಅಂಶ ಬೇಕೆಂದರೆ ಮಕ್ಕಳ ಸಂಖ್ಯೆ 811ಕ್ಕೆ ಏರುತ್ತದೆ. ಅಷ್ಟು ಮಾಡಿ ಸಿಗುವ ಉತ್ತರ "ಕಡಿಮೆ ಇದೆ" ಎಂಬುದೇ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಪಟ್ಟಿಯಲ್ಲಿ ಕೃಶತೆ ಶೇ 5ರವರೆಗೆ ಕಡಿಮೆ, 5ರಿಂದ 10 ಮಧ್ಯಮ, 10ರಿಂದ 15 ಹೆಚ್ಚು, 15 ದಾಟಿದರೆ ಅತಿ ಹೆಚ್ಚು. ಕುಂಠಿತ ಬೆಳವಣಿಗೆಯಲ್ಲಿ ಶೇ 30 ದಾಟಿದ್ದು ಅತಿ ಹೆಚ್ಚು. ಅಂದರೆ ಮಲಾವಿ ಒಂದು ಪಟ್ಟಿಯಲ್ಲಿ ಕೆಳಗೆ, ಇನ್ನೊಂದರಲ್ಲಿ ತುತ್ತತುದಿಯಲ್ಲಿ.

ಕುಂಠಿತ ಬೆಳವಣಿಗೆಗೆ ಸ್ಮಾರ್ಟ್ ಬಳಸುತ್ತೀರಾದರೆ ಇನ್ನೊಂದು ಲೆಕ್ಕ ನೋಡಿ. ಶೇ 37 ಎಂಬುದನ್ನು ಆಚೀಚೆ 5 ಅಂಶದಲ್ಲಿ ಹೇಳಲು 585 ಮಕ್ಕಳು ಸಾಕು. ಆದರೆ 37 ಇದ್ದದ್ದು 32ಕ್ಕೆ ಇಳಿಯಿತೆಂದು ಸಾಬೀತುಪಡಿಸಲು, ಶೇ 80ರಷ್ಟು ಖಾತ್ರಿ ಇರಬೇಕೆಂದರೆ, ಪ್ರತಿ ಸುತ್ತಿನಲ್ಲಿ ಸುಮಾರು 2,100 ಮಕ್ಕಳು ಬೇಕು. ಸಣ್ಣ ಯೋಜನೆಗಳ ಕೊನೆಯ ವರದಿಯಲ್ಲಿ "ಕುಂಠಿತ ಬೆಳವಣಿಗೆ ಐದು ಅಂಶ ಇಳಿದಿದೆ" ಎಂದು ಓದಿದಾಗ ಮೊದಲು ಕೇಳಬೇಕಾದ್ದು ಎಷ್ಟು ಮಕ್ಕಳನ್ನು ಅಳೆದಿರಿ ಎಂದು.

ಇದೇ ಸಮೀಕ್ಷೆಗೆ ಎಳೆಯ ಮಕ್ಕಳ ಆಹಾರದ ಪ್ರಶ್ನೆಗಳನ್ನೂ ಅಂಟಿಸುವ ಆಸೆ ಎಲ್ಲರಿಗೂ. 461 ಮಕ್ಕಳಲ್ಲಿ 6–23 ತಿಂಗಳವರು ಮೂರನೇ ಒಂದು ಭಾಗ, ನೂರೈವತ್ತು. ಬರೀ ಎದೆಹಾಲಿನ ಪ್ರಶ್ನೆ ಕೇಳಬೇಕಾದ ಆರು ತಿಂಗಳೊಳಗಿನವರು ಅದೇ ಮನೆಗಳಲ್ಲಿ ಐವತ್ತರ ಆಸುಪಾಸು. ಐವತ್ತು ಕೂಸುಗಳಿಂದ ಬಂದ ಶೇಕಡಾವಾರು ಅಂಕಿಯನ್ನು ವರದಿಯಲ್ಲಿ ಹಾಕದಿರುವುದೇ ಒಳ್ಳೆಯದು.

*ಎಲ್‌ಕ್ಯುಎಎಸ್.* ಕಾರ್ಖಾನೆಯ ಮಾಲು ತಪಾಸಣೆಯಿಂದ ಬಂದ ವಿಧಾನ. ಜಿಲ್ಲೆಯನ್ನು ಐದಾರು ಮೇಲ್ವಿಚಾರಣಾ ವಲಯಗಳಾಗಿ ಒಡೆದು ಪ್ರತಿ ವಲಯದಲ್ಲಿ 19 ತಾಯಂದಿರನ್ನು ಮಾತಾಡಿಸುವುದು. ಗುರಿ ಶೇ 80 ಇದ್ದರೆ 19ರಲ್ಲಿ 13 ಅಥವಾ ಹೆಚ್ಚು ಮಂದಿ "ಹೌದು" ಎಂದರೆ ವಲಯ ಪಾಸು, 12 ಆದರೆ ಹಿಂದೆ. ಐದು ವಲಯ ಸೇರಿದರೆ 95 ಜನ. ಜಿಲ್ಲೆಗೆ ಆಚೀಚೆ 10 ಅಂಶದ ಅಂದಾಜೂ ಸಿಗುತ್ತದೆ. ಕಬ್ಬಿಣದ ಮಾತ್ರೆ ಸಿಕ್ಕಿತೇ, ಮಗುವಿಗೆ ವಿಟಮಿನ್ ಎ ಕೊಟ್ಟರೇ, ನಿನ್ನೆ ಮಗು ಎಷ್ಟು ಬಗೆ ತಿಂದಿತು ಎಂಬಂಥ ಪ್ರಶ್ನೆಗಳಿಗೆ ಇದನ್ನು ಮೀರಿಸಿದ್ದಿಲ್ಲ: ಸ್ಥಳೀಯ ಆರೋಗ್ಯ ಕಾರ್ಯಕರ್ತರ ಮೇಲ್ವಿಚಾರಕರೇ ಮಾಡಬಹುದು, ಸಂಜೆ ಕೂತು ಕೈಯಲ್ಲೇ ಎಣಿಸಬಹುದು, ಮಾರನೆಯ ವಾರವೇ ಹಿಂದುಳಿದ ವಲಯಕ್ಕೆ ಹೋಗಬಹುದು. ಕೃಶತೆಗೆ ಮಾತ್ರ 19 ಜನರ ಚೀಟಿ ಒಗ್ಗುವುದಿಲ್ಲ. ಅದಕ್ಕೆಂದೇ 33 ಹಳ್ಳಿಯಲ್ಲಿ ತಲಾ 6 ಮಕ್ಕಳಂತೆ 198 ಮಕ್ಕಳ ವಿನ್ಯಾಸ ಇದೆ. ಶೇ 10 ಅಥವಾ 15ರ ಗಡಿ ದಾಟಿದೆಯೇ ಎಂಬ ಹೌದು-ಅಲ್ಲ ಉತ್ತರಕ್ಕೆ ಅದು ಸಾಕು, ಅಂಕಿ ಬೇಕಾದರೆ ಸಾಲದು.

*ಮನೆಮನೆ ತೋಳಿನ ಪಟ್ಟಿ.* ಮಲಾವಿಯಲ್ಲಿ ಪ್ರತಿ ಸಾವಿರ ಜನಕ್ಕೆ ಒಬ್ಬರಂತೆ ಇರಬೇಕೆಂದು ನಿಗದಿಯಾದ ಆರೋಗ್ಯ ಕಾರ್ಯಕರ್ತರು ಎಲ್ಲ ಮಕ್ಕಳ ತೋಳು ಅಳೆಯುವುದು. ಇದು ಮಕ್ಕಳನ್ನು ಹುಡುಕುವ ಕೆಲಸ, ಪ್ರಮಾಣ ಅಳೆಯುವ ಕೆಲಸವಲ್ಲ. ಕಾರ್ಯಕರ್ತರ ಮನೆಯ ಹತ್ತಿರದ ಹಳ್ಳಿ ಪೂರ್ತಿ ಅಳತೆಯಾಗುತ್ತದೆ, ಹೊಳೆಯಾಚೆಯದು ಅರ್ಧ. ಕಾಯಿಲೆಯ ಮಗು ಅಜ್ಜಿಮನೆಗೆ ಹೋಗಿರುತ್ತದೆ. ಅದರ ಶೇಕಡಾವಾರನ್ನು ಸಮೀಕ್ಷೆಯ ಶೇಕಡಾವಾರಿನ ಪಕ್ಕ ಇಟ್ಟು ಹೋಲಿಸಬೇಡಿ. ಆದರೆ ಅದೇ ಜನ ಅದೇ ಹಳ್ಳಿಗಳಲ್ಲಿ ತಿಂಗಳು ತಿಂಗಳು ಅಳೆದರೆ ಏರಿಳಿತ ತಿಳಿಯುತ್ತದೆ. ಕೀನ್ಯಾದ ಒಣಭೂಮಿ ಕೌಂಟಿಗಳಲ್ಲಿ ರಾಷ್ಟ್ರೀಯ ಬರ ನಿರ್ವಹಣಾ ಪ್ರಾಧಿಕಾರ ಆಯ್ದ ಹಳ್ಳಿಗಳಲ್ಲಿ ಹೀಗೆಯೇ ಪ್ರತಿ ತಿಂಗಳು ನೋಡಿ ಮುನ್ನೆಚ್ಚರಿಕೆ ಕೊಡುತ್ತದೆ.

ಪಟ್ಟಿ ಬಳಸುವಾಗ: ಎಡತೋಳು, ಭುಜದ ತುದಿಗೂ ಮೊಣಕೈಗೂ ನಡುವಿನ ಗುರುತು, ತೋಳು ಇಳಿಬಿಟ್ಟಿರಬೇಕು, ಚರ್ಮ ಒತ್ತದಷ್ಟು ಬಿಗಿ. ವಯಸ್ಸು ತಿಳಿಯದಿದ್ದರೆ 65 ಸೆಂ.ಮೀ. ಉದ್ದ ದಾಟಿದ ಮಗುವನ್ನು ಆರು ತಿಂಗಳು ದಾಟಿದ್ದೆಂದು ಹಿಡಿಯುತ್ತಾರೆ. ಬರೀ ಬಣ್ಣ ಬರೆಯಿಸಬೇಡಿ, ಮಿ.ಮೀ. ಬರೆಯಿಸಿ, ಬಣ್ಣ ಬರೆದ ಪುಸ್ತಕವನ್ನು ಆಮೇಲೆ ಪರಿಶೀಲಿಸಲು ಆಗುವುದಿಲ್ಲ.

*ಸ್ಕ್ವೀಯಾಕ್.* ಚಿಕಿತ್ಸೆ ಬೇಕಾದ ಮಕ್ಕಳಲ್ಲಿ ಎಷ್ಟು ಮಂದಿಗೆ ಸಿಗುತ್ತಿದೆ ಎಂಬುದಷ್ಟೇ ಇದರ ಪ್ರಶ್ನೆ. ಮೊದಲು ದಾಖಲಾತಿ, ಮಧ್ಯೆ ಬಿಟ್ಟುಹೋದವರ ಪಟ್ಟಿ, ಹಳ್ಳಿಯವರ ಮಾತು ಸೇರಿಸಿ ಎಲ್ಲಿ ತಲುಪಿದೆ, ಎಲ್ಲಿ ತಲುಪಿಲ್ಲ ಎಂಬ ನಕ್ಷೆ. ಆಮೇಲೆ ಆ ಊಹೆಯನ್ನು ಕೆಲವೇ ಹಳ್ಳಿಗಳಲ್ಲಿ ಪರೀಕ್ಷಿಸುವುದು. ಬೇಕಿದ್ದರೆ ಮೂರನೆಯ ಹಂತದಲ್ಲಿ ಜಿಲ್ಲೆಯಾದ್ಯಂತ ಸಣ್ಣ ಸಮೀಕ್ಷೆ. ಹಳ್ಳಿಯಲ್ಲಿ ಚೀಟಿ ಎತ್ತುವುದಿಲ್ಲ. ಊರ ಮುಖ್ಯಸ್ಥ, ಸೂಲಗಿತ್ತಿ, ನಾಟಿವೈದ್ಯರನ್ನು ಕೇಳುತ್ತಾ, ಸಿಕ್ಕ ಪ್ರತಿ ತಾಯಿಯಿಂದ ಇನ್ನೊಂದು ಮನೆಯ ಸುಳಿವು ಪಡೆಯುತ್ತಾ, ಹೊಸ ಹೆಸರು ಬರುವುದು ನಿಂತ ಮೇಲೆ ನಿಲ್ಲಿಸುವುದು. ಗ್ರಾಮೀಣ ಪ್ರದೇಶದಲ್ಲಿ ಕನಿಷ್ಠ ಶೇ 50 ಮಕ್ಕಳಿಗೆ ಚಿಕಿತ್ಸೆ ತಲುಪಬೇಕೆಂಬುದು ಸ್ಫಿಯರ್ (ಮಾನವೀಯ ನೆರವಿನ ಅಂತರರಾಷ್ಟ್ರೀಯ) ಮಾನದಂಡ. ದೋವಾದಂಥ, ಕೃಶತೆ ಕಡಿಮೆಯಿದ್ದು ಊತ ಹೆಚ್ಚಿರುವ ಜಿಲ್ಲೆಗೆ ನಾವು ಸ್ಮಾರ್ಟ್‌ಗಿಂತ ಇದನ್ನೇ ಮೇಲೆ ಇಡುತ್ತೇವೆ. ಮಗು ಯಾಕೆ ಕೇಂದ್ರಕ್ಕೆ ಬರಲಿಲ್ಲ ಎಂಬ ಉತ್ತರವನ್ನು ಯಾವ ಝಡ್ ಸ್ಕೋರೂ ಕೊಡುವುದಿಲ್ಲ.

ಚಿಕಿತ್ಸಾ ಆಹಾರದ ಬೇಡಿಕೆಗೆ ಒಂದು ವಾಡಿಕೆಯ ಸೂತ್ರವಿದೆ: ಮಕ್ಕಳ ಸಂಖ್ಯೆ × ತೀವ್ರ ಅಪೌಷ್ಟಿಕತೆಯ ಪ್ರಮಾಣ × 2.6 (ವರ್ಷದುದ್ದಕ್ಕೂ ಹೊಸದಾಗಿ ಸೇರುವವರ ಲೆಕ್ಕಕ್ಕೆ) × ತಲುಪುವ ಪಾಲು. 1,20,000 ಮಕ್ಕಳು, ಶೇ 0.5, ತಲುಪುವ ಪಾಲು ಅರ್ಧ ಎಂದರೆ ವರ್ಷಕ್ಕೆ 780 ಮಕ್ಕಳು. ಮಗುವಿಗೊಂದು ಪೆಟ್ಟಿಗೆಯಂತೆ (150 ಪೊಟ್ಟಣ) 780 ಪೆಟ್ಟಿಗೆ. 0.5 ಎಂಬ ಅಂಕಿ 0.3 ಆದರೂ 0.9 ಆದರೂ ಸಣ್ಣ ಸಮೀಕ್ಷೆಗೆ ಗೊತ್ತಾಗದು, ಬೇಡಿಕೆ ಮಾತ್ರ ಮೂರು ಪಟ್ಟು ಹಿಗ್ಗುತ್ತದೆ ಕುಗ್ಗುತ್ತದೆ. ಹಿಂದಿನ ಎರಡು ವರ್ಷದ ದಾಖಲಾತಿಯೇ ಇಲ್ಲಿ ಉತ್ತಮ ಆಧಾರ.

ತಾಯಂದಿರ ಮಟ್ಟಿಗೆ

ದೇಹತೂಕ ಸೂಚ್ಯಂಕ, ಅಂದರೆ ಬಿಎಂಐ, ಗರ್ಭಿಣಿಯರಿಗೂ ಹೆರಿಗೆಯಾಗಿ ಎರಡು ತಿಂಗಳೊಳಗಿನ ಬಾಣಂತಿಯರಿಗೂ ಅನ್ವಯಿಸುವುದಿಲ್ಲ. ಯಾರ ಬಗ್ಗೆ ತಿಳಿಯಬೇಕೋ ಅವರನ್ನೇ ಅದು ಹೊರಗಿಡುತ್ತದೆ. ಉಳಿದವರಲ್ಲೂ ಮಲಾವಿಯಲ್ಲಿ ತೆಳ್ಳಗಿರುವವರು ಶೇ 7 ಮಾತ್ರ. ತೋಳಿನ ಸುತ್ತಳತೆ ಬಸಿರಿನಲ್ಲಿ ಹೆಚ್ಚು ಬದಲಾಗದ ಕಾರಣ ಗರ್ಭಿಣಿಯರಿಗೆ ಒಳ್ಳೆಯದು. ಗಡಿ ಮಾತ್ರ ದೇಶದಿಂದ ದೇಶಕ್ಕೆ 210ರಿಂದ 230 ಮಿ.ಮೀ.ವರೆಗೆ ಬೇರೆಬೇರೆ. 210 ಹಿಡಿದವರ ಅಂಕಿಯೂ 230 ಹಿಡಿದವರ ಅಂಕಿಯೂ ಹೋಲಿಸಲು ಬರುವುದಿಲ್ಲ. ಮಿ.ಮೀ.ಯಲ್ಲೇ ದಾಖಲಿಸಿಟ್ಟರೆ ಆಮೇಲೆ ಯಾವ ಗಡಿಗೆ ಬೇಕಾದರೂ ಲೆಕ್ಕ ಹಾಕಬಹುದು.

ಒಂದನ್ನೇ ಆರಿಸಿ ಎಂದರೆ ಇಲ್ಲಿ ಹಿಮೋಗ್ಲೋಬಿನ್. ವಿಶ್ವ ಆರೋಗ್ಯ ಸಂಸ್ಥೆಯ 2024ರ ಗಡಿಗಳಂತೆ ಗರ್ಭಿಣಿಯರಿಗೆ ಮೊದಲ ಮತ್ತು ಕೊನೆಯ ಮೂರು ತಿಂಗಳಲ್ಲಿ 11, ನಡುವಿನ ಮೂರು ತಿಂಗಳಲ್ಲಿ 10.5, ಬಸಿರಿಲ್ಲದವರಿಗೆ 12 ಗ್ರಾಂ (ಪ್ರತಿ ಡೆಸಿಲೀಟರ್ ರಕ್ತಕ್ಕೆ). 6–23 ತಿಂಗಳ ಮಕ್ಕಳಿಗೆ 10.5, ಎರಡರಿಂದ ಐದು ವರ್ಷದವರಿಗೆ 11. ಲಿಲೊಂಗ್ವೆ ಸುತ್ತಿನ ಪ್ರಸ್ಥಭೂಮಿ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ, ಎತ್ತರದ ಊರಲ್ಲಿ ಹಿಮೋಗ್ಲೋಬಿನ್ ತಾನಾಗಿಯೇ ಹೆಚ್ಚಿರುತ್ತದೆ. ಸಾವಿರದಿಂದ 1,499 ಮೀಟರ್ ನಡುವಿನ ಊರಾದರೆ ಅಳತೆಯಿಂದ 0.8 ಗ್ರಾಂ ಕಳೆಯಬೇಕು. ಕಳೆಯದಿದ್ದರೆ ರಕ್ತಹೀನತೆ ಇಲ್ಲದಂತೆ ಕಾಣುವ ಗರ್ಭಿಣಿಯರು ಬಹಳ. 2015-16ರ ಅಂಕಿಗಳು ಹಳೆಯ ಗಡಿಗಳವು, ಪಕ್ಕದಲ್ಲಿಟ್ಟು ನೋಡುವ ಮೊದಲು ಅದನ್ನೂ ಸರಿಪಡಿಸಿ.

ಬೆರಳಿನ ರಕ್ತ ತೆಗೆಯುವ ರೀತಿಯಲ್ಲಿ ಅಂಕಿ ಕೆಡುವುದು ಹೆಚ್ಚು. ಕೈ ಬೆಚ್ಚಗಿರಬೇಕು, ಮಧ್ಯದ ಅಥವಾ ಉಂಗುರ ಬೆರಳ ಪಕ್ಕಕ್ಕೆ ಚುಚ್ಚಬೇಕು, ಮೊದಲ ಎರಡು ಹನಿ ಒರೆಸಿ ಮೂರನೆಯದನ್ನು ತೆಗೆದುಕೊಳ್ಳಬೇಕು. ಬೆರಳು ಹಿಂಡಿದರೆ ಅಂಗಾಂಶದ ನೀರು ಬೆರೆತು ಅಂಕಿ ಇಳಿಯುತ್ತದೆ. ಹಿಮೋಗ್ಲೋಬಿನ್ ಅಳೆಯುವ ಹಿಮೋಕ್ಯೂ ಯಂತ್ರದ ಕ್ಯುವೆಟ್‌ನೊಳಗೆ (ರಕ್ತ ತುಂಬುವ ಪುಟ್ಟ ಪ್ಲಾಸ್ಟಿಕ್ ಗೂಡು) ಗುಳ್ಳೆ ಇದ್ದರೆ ಎಸೆದುಬಿಡಿ. ಡಬ್ಬಿಯ ಮುಚ್ಚಳ ಮಳೆಗಾಲದಲ್ಲಿ ತೆರೆದಿಟ್ಟರೆ ತೇವಕ್ಕೆ ಕ್ಯುವೆಟ್‌ಗಳು ಹಾಳಾಗುತ್ತವೆ, ಯಂತ್ರ ಮಾತ್ರ ಏನೋ ಒಂದು ಅಂಕಿ ತೋರಿಸುತ್ತಲೇ ಇರುತ್ತದೆ. 7 ಗ್ರಾಂಗಿಂತ ಕಡಿಮೆ ಬಂದವರನ್ನು ಅದೇ ದಿನ ಆಸ್ಪತ್ರೆಗೆ ಕಳುಹಿಸಬೇಕು. ಮಲೇರಿಯಾ ಇರುವ ಜಿಲ್ಲೆಯಲ್ಲಿ ರಕ್ತಹೀನತೆಯನ್ನೆಲ್ಲ ಕಬ್ಬಿಣದ ಕೊರತೆ ಎಂದು ಬರೆಯಬೇಡಿ. ಅದೇ ಚುಚ್ಚಿನಿಂದ ಮಲೇರಿಯಾದ ಕ್ಷಿಪ್ರ ಪರೀಕ್ಷೆಯನ್ನೂ ಮಾಡಿಬಿಡಿ.

ಊಟದ ಬಗ್ಗೆ ಎರಡು ಆಯ್ಕೆ. ತೂಕ ಮಾಡಿ, ಬಟ್ಟಲು ತೋರಿಸಿ, 24 ಗಂಟೆಯ ಊಟದ ಪ್ರಮಾಣವನ್ನೇ ಕೇಳುವುದು ಒಂದು. ಮಲಾವಿಯದ್ದೇ ಆಹಾರ ಸಂಯೋಜನೆ ಕೋಷ್ಟಕ 2019ರಲ್ಲಿ ಬಂದಿರುವುದರಿಂದ ಈಗ ಇದು ಸಾಧ್ಯ, ಆದರೆ ಒಬ್ಬರಿಗೆ ಒಂದು ಗಂಟೆ ಹಿಡಿಯುವ ಕೆಲಸ. ಇನ್ನೊಂದು, ಹತ್ತು ಆಹಾರ ಗುಂಪುಗಳಲ್ಲಿ ನಿನ್ನೆ ಐದಾದರೂ ತಿಂದ ಹೆಂಗಸರೆಷ್ಟು ಎಂಬ ಸೂಚಿ. ಜಿಲ್ಲಾ ಮಟ್ಟಕ್ಕೆ ಎರಡನೆಯದೇ ಸಾಕು. 15 ಗ್ರಾಂಗಿಂತ ಕಡಿಮೆ ತಿಂದದ್ದನ್ನು ಎಣಿಸಬಾರದು. ಎನ್‌ಸೀಮಾ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಕುಂಬಳದ ಎಲೆಯ ಪಲ್ಯ ತಿಂದವಳಿಗೆ ಎರಡು ಗುಂಪು ಖಚಿತ. ಪಲ್ಯಕ್ಕೆ ಶೇಂಗಾಹಿಟ್ಟು ಹಿಡಿತುಂಬ ಹಾಕಿದ್ದರೆ ಮೂರನೆಯದು, ಚಿಟಿಕೆಯಾದರೆ ಇಲ್ಲ. ಉಸಿಪಾ ಎಂಬ ಒಣ ಸಣ್ಣ ಮೀನಿನ ಪುಡಿಗೂ ಚಹಾದ ಹಾಲಿಗೂ ಇದೇ ನಿಯಮ. ಮಲಾವಿಯ ಆರೋಗ್ಯ ಶಿಕ್ಷಣದಲ್ಲಿ ಕಲಿಸುವುದು ಆರು ಆಹಾರ ಗುಂಪುಗಳು. ಅದನ್ನೇ ಬೋಧಿಸಿ ರೂಢಿಯಾದ ಕಾರ್ಯಕರ್ತರು ಹತ್ತರ ಫಾರಂ ಕೊಟ್ಟರೂ ಮನಸ್ಸಿನಲ್ಲಿ ಆರರಂತೆ ಗುರುತು ಹಾಕುತ್ತಾರೆ, ಎಣ್ಣೆಗೂ ಒಂದು ಅಂಕ ಕೊಡುತ್ತಾರೆ. ತರಬೇತಿಯ ಅರ್ಧ ದಿನ ಇದಕ್ಕೇ ಮೀಸಲಿಡಿ.

ಅಂಕಿ ಕೆಡುವ ಜಾಗಗಳು

ವಯಸ್ಸು. ಗಂಡುಮಗುವಿನ ಮಧ್ಯಮ ಉದ್ದ ಹತ್ತು ತಿಂಗಳಿಗೆ 73.3, ಹನ್ನೆರಡಕ್ಕೆ 75.7 ಸೆಂ.ಮೀ. ಹತ್ತು ತಿಂಗಳ, 73.3 ಸೆಂ.ಮೀ. ಉದ್ದದ ಮಗುವನ್ನು "ಒಂದು ವರ್ಷ" ಎಂದು ಬರೆದರೆ ಅದರ ಝಡ್ ಸ್ಕೋರ್ ಸೊನ್ನೆಯಿಂದ −1ಕ್ಕೆ ಬೀಳುತ್ತದೆ. ಮಗು ಕುಗ್ಗಿಲ್ಲ, ಪೆನ್ನು ಜಾರಿತು ಅಷ್ಟೇ. ತಾಯಂದಿರ ಬಳಿ ಇರುವ ಆರೋಗ್ಯ ಪುಸ್ತಕದಲ್ಲಿ ಹುಟ್ಟಿದ ದಿನಾಂಕ ನೋಡಿ. ಇಲ್ಲದಿದ್ದರೆ ಘಟನೆಗಳ ಪಂಚಾಂಗ: 2022ರ ಪೋಲಿಯೊ ಅಭಿಯಾನ, 2023ರ ಮಾರ್ಚಿನ ಫ್ರೆಡ್ಡಿ ಚಂಡಮಾರುತ, 2024ರ ಜೂನ್‌ನಲ್ಲಿ ಉಪಾಧ್ಯಕ್ಷರು ವಿಮಾನ ಅಪಘಾತದಲ್ಲಿ ತೀರಿಕೊಂಡದ್ದು, 2025ರ ಸೆಪ್ಟೆಂಬರಿನ ಚುನಾವಣೆ, ಜೊತೆಗೆ ಆ ಸೀಮೆಯ ಕೊಯ್ಲು, ಬಿತ್ತನೆ. ತೂಕ-ಎತ್ತರಕ್ಕೂ ತೋಳಿಗೂ ವಯಸ್ಸಿನ ತಪ್ಪು ಅಷ್ಟಾಗಿ ತಟ್ಟುವುದಿಲ್ಲ.

ಉದ್ದ. ಎರಡು ವರ್ಷದೊಳಗಿನವರನ್ನು, ವಯಸ್ಸು ತಿಳಿಯದಿದ್ದರೆ 87 ಸೆಂ.ಮೀ.ಗಿಂತ ಗಿಡ್ಡರನ್ನು, ಮಲಗಿಸಿಯೇ ಅಳೆಯಬೇಕು. ಮಲಗಿಸಿದ ಉದ್ದ ನಿಂತ ಎತ್ತರಕ್ಕಿಂತ 0.7 ಸೆಂ.ಮೀ. ಹೆಚ್ಚು. ಅಳುವ ಮಗುವಿನ ಒಂದೇ ಕಾಲು ಹಿಡಿದು ಓದುವುದು, ತಲೆ ಹಲಗೆಗೆ ತಾಗದಿರುವುದು, ಕೂದಲ ಜಡೆ: ಮೂರೂ ಸಾಮಾನ್ಯ.

ತೂಕ. ಮಣ್ಣಿನ ನೆಲದ ಮೇಲೆ ಡಿಜಿಟಲ್ ತಕ್ಕಡಿ ಓಲಾಡುತ್ತದೆ. ಎರಡಡಿ ಪ್ಲೈವುಡ್ ತುಂಡು ಒಯ್ಯಿರಿ. ದಿನ ಬೆಳಿಗ್ಗೆ ತೂಕ ಗೊತ್ತಿರುವ 5 ಕಿಲೋ ಬಟ್ಟು ಇಟ್ಟು ನೋಡಿ, 100 ಗ್ರಾಂ ಮೀರಿ ತಪ್ಪಿದರೆ ಬದಲಿಸಿ. ಬಟ್ಟೆ ತೆಗೆಸಿ.

ಅಳೆಯುವವರ ಚಿಕ್ಕಪುಟ್ಟ ತಪ್ಪುಗಳು ಮೇಲೂ ಕೆಳಗೂ ಸಮವಾಗಿ ಬಿದ್ದು ಸರಿಹೋಗುತ್ತವೆ ಎಂದುಕೊಳ್ಳುವುದು ಬೇಡ. ಸರಾಸರಿ ಝಡ್ ಸ್ಕೋರ್ −0.5, ಮಾನಕ ವಿಚಲನೆ (ಅಂಕಿಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದು) 1.0 ಇದ್ದರೆ −2ರ ಕೆಳಗೆ ಶೇ 6.7 ಮಕ್ಕಳು. ಸರಾಸರಿ ಅಷ್ಟೇ ಇದ್ದು ಅಜಾಗರೂಕತೆಯಿಂದ ವಿಚಲನೆ 1.2ಕ್ಕೆ ಏರಿದರೆ ಶೇ 10.6. ಒಂದು ಮಗುವೂ ಸೊರಗದೆ ಜಿಲ್ಲೆ "ಮಧ್ಯಮ"ದಿಂದ "ಹೆಚ್ಚು" ಪಟ್ಟಿಗೆ ಹಾರುತ್ತದೆ. ಅದಕ್ಕೇ ವಿಚಲನೆ 0.8–1.2ರ ಆಚೆಯಿದ್ದ ಸಮೀಕ್ಷೆಯನ್ನು ಅನುಮಾನದಿಂದ ನೋಡುವುದು. ತರಬೇತಿಯಲ್ಲಿ ಹತ್ತು ಮಕ್ಕಳನ್ನು ಪ್ರತಿಯೊಬ್ಬರೂ ಎರಡೆರಡು ಸಲ, ಮೊದಲ ಅಂಕಿ ನೋಡದೆ, ಅಳೆಯುವ ಪರೀಕ್ಷೆ ಬಿಡುವಂತಿಲ್ಲ. ಕ್ಷೇತ್ರದಲ್ಲಿ ದಿನದ ಸಂಜೆ ಸ್ಮಾರ್ಟ್ ಸಮೀಕ್ಷೆಯ ಲೆಕ್ಕಕ್ಕೆಂದೇ ಇರುವ ಇಎನ್‌ಎ ತಂತ್ರಾಂಶದಲ್ಲಿ ತಂಡವಾರು ನೋಡಿ: ಎತ್ತರದ ಕೊನೆಯ ಅಂಕೆ .0, .5 ಆಗಿಯೇ ಬರುತ್ತಿದೆಯೇ, ವಯಸ್ಸು 12, 24, 36ರಲ್ಲಿ ಗುಂಪುಗೂಡಿದೆಯೇ, ಗಂಡು-ಹೆಣ್ಣಿನ ಅನುಪಾತ ಹೇಗಿದೆ. ಒಟ್ಟು ಗುಣಮಟ್ಟದ ಅಂಕ 10ರೊಳಗಿದ್ದರೆ ಅತ್ಯುತ್ತಮ, 25 ಮುಟ್ಟಿದರೆ ಸಮೀಕ್ಷೆಯೇ ಕೆಟ್ಟಂತೆ. ಕೊನೆಯ ದಿನ ನೋಡಿದರೆ ಸರಿಪಡಿಸಲು ಏನೂ ಉಳಿದಿರುವುದಿಲ್ಲ.

ಮನೆ ಆರಿಸುವಾಗ ಹಳ್ಳಿಯ ನಡುವೆ ಪೆನ್ನು ತಿರುಗಿಸಿ ದಿಕ್ಕು ಹಿಡಿಯುವ ಹಳೆ ಪದ್ಧತಿ ಬಿಡಿ. ಊರಂಚಿನ ಬಡ ಮನೆಗಳು ಅದರಲ್ಲಿ ತಪ್ಪಿಹೋಗುತ್ತವೆ. ಊರ ಮುಖ್ಯಸ್ಥನೊಂದಿಗೆ ಕೂತು ಮನೆಗಳ ಪಟ್ಟಿ ಮಾಡಿ ಚೀಟಿ ಎತ್ತಿ. ಬೀಗ ಹಾಕಿದ ಮನೆಗೆ ಸಂಜೆ ಮತ್ತೆ ಹೋಗಿ. ಪಕ್ಕದ ಮನೆಯನ್ನು ಬದಲಿಗೆ ತೆಗೆದುಕೊಳ್ಳುವಂತಿಲ್ಲ. ದೋವಾದಲ್ಲಿ ಜಲೇಕಾ ನಿರಾಶ್ರಿತರ ಶಿಬಿರವೂ ಇದೆ. ಪಡಿತರದ ಮೇಲೆ ನಿಂತ ಅಲ್ಲಿನ ಜೀವನ ಹಳ್ಳಿಯದ್ದಲ್ಲ. ಅದನ್ನು ಪ್ರತ್ಯೇಕವಾಗಿ ಅಳೆಯಿರಿ, ಇಲ್ಲವೇ ಹೊರಗಿಟ್ಟಿದ್ದೇವೆಂದು ಬರೆಯಿರಿ.

ಹಾಗಾದರೆ ಯಾವುದು?

ದೋವಾದಂಥ ಜಿಲ್ಲೆಗೆ, ಒಂದು ವರ್ಷದ ಕೆಲಸ ಯೋಜಿಸುವುದಾದರೆ: ರಿಜಿಸ್ಟರುಗಳಿಂದ ಹುಟ್ಟುತೂಕ ಮತ್ತು ತಿಂಗಳವಾರು ದಾಖಲಾತಿ, ವಲಯಕ್ಕೆ 19ರಂತೆ ಎಲ್‌ಕ್ಯುಎಎಸ್, ಗರ್ಭಿಣಿಯರ ಹಿಮೋಗ್ಲೋಬಿನ್, ಚಿಕಿತ್ಸೆ ತಲುಪುವ ಪಾಲಿಗೆ ಸ್ಕ್ವೀಯಾಕ್‌ನ ಮೊದಲೆರಡು ಹಂತ. ದಾನಿಗಳು ಕುಂಠಿತ ಬೆಳವಣಿಗೆಯ ಅಂಕಿಯನ್ನೇ ಕೇಳಿದರೆ ಎರಡು ಸಾವಿರ ಮಕ್ಕಳ ಸಮೀಕ್ಷೆಗೆ ದುಡ್ಡು ಕೇಳಿ, ಕೊಡದಿದ್ದರೆ ರಾಷ್ಟ್ರೀಯ ಸಮೀಕ್ಷೆಯ ಮುಂದಿನ ಸುತ್ತಿಗೆ ಕಾಯಿರಿ ಎನ್ನಿ.

ತುರ್ಕಾನಾದಂಥ ಪಶುಪಾಲಕರ ನಾಡಿನಲ್ಲಿ ಕೃಶತೆ ಹಲವು ವರ್ಷ ಶೇ 15ರ ಮೇಲಿರುತ್ತದೆ, ಮಳೆ ಕೈಕೊಟ್ಟರೆ ಕೆಲವೇ ತಿಂಗಳಲ್ಲಿ ಏರುತ್ತದೆ. ಅಲ್ಲಿ ಸ್ಮಾರ್ಟ್‌ಗೆ ದುಡ್ಡು ಸುರಿಯುವುದು ಸರಿ. ಕಾಲುದ್ದದ ಮೈಕಟ್ಟಿನಿಂದ ತೂಕ-ಎತ್ತರದ ಅಂಕಿ ತೋಳಿನ ಅಂಕಿಗಿಂತ ಬಹಳ ಮೇಲಿರುವುದರಿಂದ ಎರಡನ್ನೂ ವರದಿಯಲ್ಲಿ ಕೊಡಿ. ಹಳ್ಳಿಗಳ ಪಟ್ಟಿ ಅಲ್ಲಿ ಬೇಗ ಹಳತಾಗುತ್ತದೆ: ಜನ ದನದೊಂದಿಗೆ ಬೇರೆಡೆ ಹೋಗಿರುತ್ತಾರೆ, ಆಯ್ಕೆಗೂ ಒಂದು ವಾರ ಮುಂಚೆ ಮತ್ತೆ ಕೇಳಿ ತಿದ್ದಬೇಕು.

ಯಾವುದನ್ನೇ ಆರಿಸಿದರೂ ತಿಂಗಳು ಬರೆದಿಡಿ. ಮಲಾವಿಯಲ್ಲಿ ಮೆಕ್ಕೆಜೋಳದ ಕಣಜ ಬರಿದಾಗುವುದು ಡಿಸೆಂಬರಿನಿಂದ ಮಾರ್ಚಿನವರೆಗೆ, ಕೊಯ್ಲು ಏಪ್ರಿಲ್-ಮೇ. ಮೊದಲ ಸುತ್ತು ಫೆಬ್ರುವರಿಯಲ್ಲಿ, ಎರಡನೆಯದು ಜೂನ್‌ನಲ್ಲಿ ಮಾಡಿದರೆ ಯಾವ ಯೋಜನೆಯೂ ಯಶಸ್ವಿಯಾಗಿ ಕಾಣುತ್ತದೆ. ಮಾವು ಬರುವ ನವೆಂಬರ್-ಡಿಸೆಂಬರಿನಲ್ಲಿ ಕೇಳಿದರೆ ಹಣ್ಣಿನ ಗುಂಪಿಗೆ ಎಲ್ಲರಿಗೂ ಅಂಕ. ಫೆಬ್ರುವರಿಯಲ್ಲೇ ಅಳೆಯುವುದಾದರೆ ಮಳೆಯಲ್ಲಿ ಕೆಸರಾದ ದಾರಿಗೆ ಪ್ರತಿ ತಂಡಕ್ಕೂ ದಿನಕ್ಕೆ 15ರ ಬದಲು 11–12 ಮನೆಯ ಲೆಕ್ಕ ಹಿಡಿಯಿರಿ. ಸಂಶೋಧನೆಯೆಂದು ನಡೆಸುವುದಾದರೆ ರಾಷ್ಟ್ರೀಯ ಆರೋಗ್ಯ ವಿಜ್ಞಾನ ಸಂಶೋಧನಾ ಸಮಿತಿಯ ಒಪ್ಪಿಗೆಗೆ ಹಲವು ತಿಂಗಳ ಮೊದಲೇ ಅರ್ಜಿ ಹಾಕಿ. ಜನಗಣತಿ ಘಟಕಗಳ ಪಟ್ಟಿಯನ್ನು ಜೊಂಬಾದಲ್ಲಿರುವ ರಾಷ್ಟ್ರೀಯ ಅಂಕಿಅಂಶ ಕಚೇರಿಯಿಂದ ಅಷ್ಟರಲ್ಲೇ ತರಿಸಿಕೊಳ್ಳಿ. ಪ್ರತಿ ತಂಡದ ಚೀಲದಲ್ಲಿ ಶಿಫಾರಸು ಚೀಟಿಗಳಿರಲಿ: ಊತವಿರುವ, ಹಸಿವಿಲ್ಲದ, ಜ್ವರದ ಮಗು ಜಿಲ್ಲಾಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಘಟಕಕ್ಕೆ, ಹಸಿವಿದ್ದು ಬೇರೆ ತೊಡಕಿಲ್ಲದ ಮಗು ಹತ್ತಿರದ ಕೇಂದ್ರದ ಹೊರರೋಗಿ ಚಿಕಿತ್ಸೆಗೆ. ಯಾವ ಕೇಂದ್ರ ವಾರದ ಯಾವ ದಿನ ತೆರೆದಿರುತ್ತದೆ ಎಂಬುದು ಆ ಚೀಟಿಯ ಹಿಂಬದಿಯಲ್ಲಿ ಅಲ್ಲಿನ ಜನರ ಭಾಷೆ ಚಿಚೇವಾದಲ್ಲಿ ಅಚ್ಚಾಗಿರಬೇಕು.